ಉಳಿದಿದ್ದೊಂದೇ ಬೈಗುಳ

ಆ ಊರಿನಲ್ಲಿ ಕತ್ತೆಗೆ ಹೆಸರಿಲ್ಲ. ಕತ್ತೆಗಳಿವೆ, ಬೇಕಾದಷ್ಟಿವೆ, ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋಗಿ ಬರುತ್ತವೆ, ಬಿಸಿಲಿಗೆ ನಿಂತು ಅರಚುತ್ತವೆ. ಆದರೆ ಅವನ್ನು ತೋರಿಸಿ ಇದೇನು ಎಂದು ಕೇಳಿದರೆ ಊರಿನವರು 'ಗಂಟು ಹೊರುವುದು' ಎನ್ನುತ್ತಾರೆ. ಗೂಬೆಯನ್ನು 'ಹಗಲು ಕಾಣದ್ದು' ಎನ್ನುತ್ತಾರೆ. ಎಮ್ಮೆಯ ಹಾಲನ್ನು 'ಕರಿಯದರ ಹಾಲು' ಎಂದು ಕೂಗಿ ಮಾರುತ್ತಾರೆ. ಹಂದಿ ಎದುರಾದರೆ ಸುಮ್ಮನೆ ದಾರಿ ಬಿಡುತ್ತಾರೆ. ಹೊರಗಿನಿಂದ ಬಂದ ವ್ಯಾಪಾರಿಗಳಿಗೆ ಇದನ್ನು ಕೇಳಿ ನಗು ಬರುತ್ತದೆ. ಊರಿನವರಿಗೆ ಬರುವುದಿಲ್ಲ. ಕತ್ತೆ ಎಂಬ ಮಾತು ಗಾಣದವನ ಮನೆಯದು. ಗೂಬೆ ಎಂಬುದು ಪಂಚಾಂಗ ಹೇಳುವವನ ಮನೆಯದು. ಎಮ್ಮೆ ಎಂಬುದು ಹಿಂದೆ ಯಾವಾಗಲೋ ಪಟೇಲನ ಹೆಂಡತಿಯ ಪಾಲಿಗೆ ಹೋಯಿತು, ಆಕೆ ಸತ್ತು ಎಷ್ಟೋ ಕಾಲವಾದರೂ ಅದು ಆ ಮನೆಯಲ್ಲೇ ಇದೆ. ಒಂದು ಮನೆಗೆ ಸಂದ ಬೈಗುಳವನ್ನು ಇನ್ನೊಬ್ಬರು ಆಡುವಂತಿಲ್ಲ. ಅದು ಆ ಊರಿನ ಕಟ್ಟಳೆ.

ಬೈಯುವುದಕ್ಕೂ ಅಲ್ಲಿ ಒಬ್ಬಳೇ ಇದ್ದಳು. ಅವಳನ್ನು ಬೈಯುವಾಕೆ ಎನ್ನುತ್ತಿದ್ದರು. ಅವಳ ತಾಯಿ ಬೈಯುವಾಕೆಯಾಗಿದ್ದಳು, ತಾಯಿಯ ತಾಯಿಯೂ. ಉಳಿದವರು ತಮ್ಮ ಬಾಯಿಂದ ಬೈಗುಳ ಆಡುವಂತಿರಲಿಲ್ಲ. ಯಾರಿಗಾದರೂ ಯಾರ ಮೇಲಾದರೂ ತಡೆಯಲಾರದಷ್ಟು ಸಿಟ್ಟು ಬಂದರೆ ಬಾಯಿ ಬಿಗಿಹಿಡಿದು, ಬೆಳಗಾದ ಮೇಲೆ ಎದ್ದು, ಬೈಯುವಾಕೆಯ ಹೊಸ್ತಿಲಿಗೆ ಬಂದು ದೂರು ಹೇಳಬೇಕಿತ್ತು. ಅವಳು ಕೇಳುತ್ತಿದ್ದಳು: ಯಾರ ಮೇಲೆ? ಏನು ಮಾಡಿದರು? ಎಲ್ಲಿ ಉರಿಯಿತು? ತಲೆಯಲ್ಲಿ ಉರಿದರೆ ಸಣ್ಣ ಬೈಗುಳ. ಎದೆಯಲ್ಲಿ ಉರಿದರೆ ನಡುವಿನದು. ಹೊಟ್ಟೆಯಲ್ಲಿ ಉರಿದರೆ ದೊಡ್ಡದು. ಯಾಕೆ ಮಾಡಿದರು ಎಂದು ಮಾತ್ರ ಕೇಳುತ್ತಿರಲಿಲ್ಲ. ಅದನ್ನು ಕೇಳಿದರೆ ದೂರೇ ಕರಗಿಹೋಗುತ್ತದೆಂದು ಅವಳ ತಾಯಿ ಹೇಳಿಕೊಟ್ಟಿದ್ದಳು.

ಆಮೇಲೆ ಅವಳು ಒಲೆಯ ಬೂದಿಯನ್ನು ಜರಡಿ ಹಿಡಿದು, ನುಣ್ಣನೆಯ ಬೂದಿಯನ್ನು ಮೊರದಲ್ಲಿ ಹಾಕಿಕೊಂಡು ಹೊರಡುವಳು. ದೂರು ಬಿದ್ದ ಮನೆಯ ಮುಂದೆ ನಿಲ್ಲುವಳು. ಮನೆಯವರು ಹಿರಿಯರು ಮುಂದೆ, ಕಿರಿಯರು ಹಿಂದೆ, ಸಾಲಾಗಿ ಬಂದು ಬಾಗಿಲಲ್ಲಿ ನಿಲ್ಲುವರು. ಅವಳು ಬೈಗುಳವನ್ನು ಒಂದೇ ಸಲ, ಇವತ್ತು ಮೋಡವಾಗಿದೆ ಎನ್ನುವ ದನಿಯಲ್ಲಿ ಆಡುವಳು. ಹಿಡಿ ಬೂದಿಯನ್ನು ಹೊಸ್ತಿಲ ಮೇಲೆ ತೂರುವಳು. ಬೂದಿ ಗಾಳಿಯಿಂದ ಇಳಿದು ನೆಲ ಮುಟ್ಟುವುದರೊಳಗೆ ಮನೆಯ ಹಿರಿಯ "ನಮ್ಮದು" ಎನ್ನಬೇಕು. ಅಂದರೆ ಮುಗಿಯಿತು. ಆ ಮಾತು ಆ ಮನೆಯದಾಯಿತು, ಊರಿನ ಬಾಯಿಂದ ಹೊರಟುಹೋಯಿತು. ದೂರು ಹೇಳಿದವರೂ ಬೈದವಳೂ ದೂರನ್ನು ಮರೆಯಬೇಕು, ಬೈಸಿಕೊಂಡವರು ಬೈಯುವಾಕೆಗೆ ಮಜ್ಜಿಗೆ ಕೊಡಬೇಕು. ಸಿಟ್ಟಿನಿಂದ ಆಡಿದ ಬೈಗುಳ ಮಾತ್ರ ಯಾವ ಬಾಗಿಲಿಗೂ ಅಂಟುವುದಿಲ್ಲ. ಹಾಗಾಗಿ ಬೈಯುವಾಕೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿಲ್ಲ, ತನ್ನ ದೂರನ್ನು ತಾನೇ ಕೇಳಿಕೊಳ್ಳುವಂತೆಯೂ ಇಲ್ಲ.

ಊರು ಎಂದ ಮೇಲೆ ಜಗಳ ತಪ್ಪುತ್ತದೆಯೇ? ಬೈಗುಳಗಳು ಒಂದೊಂದಾಗಿ ಖರ್ಚಾದವು. ಕೋಡಂಗಿ ಹೋಯಿತು, ಶನಿ ಹೋಯಿತು, ಮೂದೇವಿ ಹೋಯಿತು, ದಂಡಪಿಂಡ ಹೋಯಿತು. ಕೊನೆಕೊನೆಗೆ ಬಡಪಾಯಿಯಂಥ ಪುಡಿ ಮಾತುಗಳೂ ಒಂದೊಂದು ಮನೆ ಸೇರಿಕೊಂಡವು. ಒಂದು ದಿನ ದೂರು ತಂದವರಿಗೆ ಬೈಯುವಾಕೆ "ಮುಗೀತಪ್ಪ, ಇನ್ನಿಲ್ಲ" ಎಂದು ಹೇಳಿ ಕಳಿಸಿದಳು.

ಬೈಗುಳ ಮುಗಿದರೂ ಸಿಟ್ಟು ಮುಗಿಯಲಿಲ್ಲ. ಜನ ಒಬ್ಬರನ್ನೊಬ್ಬರು ಹರಸತೊಡಗಿದರು. ಬದು ಒತ್ತಿದವನಿಗೆ ಹಲ್ಲು ಕಡಿಯುತ್ತ "ನೂರು ವರ್ಷ ಬಾಳಪ್ಪ" ಎಂದರು. ನೀರಿನ ಸರದಿ ತಪ್ಪಿಸಿದವಳಿಗೆ "ನಿಮ್ಮ ಮನೆ ತುಂಬಿ ತುಳುಕಲಿ ಕಣವ್ವ" ಎಂದು ಹೇಳಿ ಮನೆಗೆ ಬಂದು ಗೋಡೆಗೆ ತಲೆ ಚಚ್ಚಿಕೊಂಡರು. ಅಣ್ಣತಮ್ಮಂದಿರು ಕೈಮುಗಿದು ಮನೆ ಪಾಲು ಮಾಡಿಕೊಂಡರು. ಅತ್ತೆ ಸೊಸೆಯರು ಬಂಗಾರ, ಮುತ್ತು ಎಂದು ಕರೆದುಕೊಳ್ಳುತ್ತ ವರ್ಷಗಟ್ಟಲೆ ಮುಖ ನೋಡದೆ ಇದ್ದರು. ಅಷ್ಟು ಸಿಹಿ ಮಾತಿನ ಊರನ್ನು ತಾವು ಕಂಡಿಲ್ಲವೆಂದು ವ್ಯಾಪಾರಿಗಳು ಹೇಳಿಕೊಂಡು ತಿರುಗಿದರು. ಅವರು ಅಲ್ಲಿ ಒಂದು ಊಟಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಆದರೆ ಬೈಯುವಾಕೆ ಬೂದಿ ಜರಡಿ ಹಿಡಿಯುವುದನ್ನು ಬಿಟ್ಟಿರಲಿಲ್ಲ. ಬೆಳಗಾದರೆ ಜಗುಲಿಯ ಮೇಲೆ ಕೂತು ಬೂದಿ ಸೋಸಿ, ಇದ್ದಿಲ ಚೂರು ಆರಿಸಿ ತೆಗೆದು, ನುಣುಪು ಮಾಡಿ ಮಡಕೆಯಲ್ಲಿ ತುಂಬಿಡುತ್ತಿದ್ದಳು. ಹೋಗುವವರು ಬರುವವರು ನೋಡುತ್ತಿದ್ದರು. ಬೈಗುಳ ಮುಗಿದವಳಿಗೆ ಬೂದಿ ಯಾಕೆ ಎಂದು ಅವರವರಲ್ಲೇ ಆಡಿಕೊಳ್ಳುತ್ತಿದ್ದರು.

ಜನರ ಅನುಮಾನ ಸುಳ್ಳಲ್ಲ. ಅವಳು ಒಂದನ್ನು ಉಳಿಸಿಕೊಂಡಿದ್ದಳು. ದಿನಬೆಳಗಾದರೆ ಎಲ್ಲರೂ ಆಡುವ ಮಾತಾದ್ದರಿಂದ ಅದೂ ಒಂದು ಬೈಗುಳವೆಂದು ಯಾರಿಗೂ ಹೊಳೆದಿರಲಿಲ್ಲ. ಅದು ಪಂಕ್ತಿಯ ಯಜಮಾನನಿಗೆಂದು ಎತ್ತಿಟ್ಟದ್ದು.

ಪಂಕ್ತಿಯ ಯಜಮಾನನೆಂದರೆ ಊರೂಟದಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ಹೇಳುವವನು. ಯಾರ ಎಲೆ ಮೇಲಿನ ಸಾಲಿನಲ್ಲಿ, ಯಾರ ಎಲೆ ಕಂಬದಾಚೆ, ಯಾರು ಮೊದಲು ಉಣ್ಣಬೇಕು, ಯಾರು ಉಂಡ ಜಾಗವನ್ನು ಎಷ್ಟು ಸಲ ಸಾರಿಸಬೇಕು, ಎಲ್ಲ ಅವನು ಹೇಳಿದಂತೆ. ಬಹಳ ಹಿಂದೆ ಒಂದು ಊರೂಟದಲ್ಲಿ ಬೈಯುವಾಕೆಯ ಗಂಡ ಪಂಕ್ತಿಯಲ್ಲಿ ಕೂತಿದ್ದ. ಹಗ್ಗ ಹೊಸೆಯುವವನು, ಮಾತು ಕಡಿಮೆ. ಹಸಿದು ಬಂದಿದ್ದ. ಅವನು ಉಣ್ಣುತ್ತಿದ್ದಾಗ ಯಜಮಾನ ಬಂದು ಎದುರು ನಿಂತು ಕೈಮುಗಿದ. "ತಮ್ಮ ಹೆಂಡತಿಯ ಬಾಯಲ್ಲಿ ಏನೇನೋ ಬರುತ್ತೆ, ತಮಗೆ ಗೊತ್ತೇ ಇದೆ. ಸ್ವಲ್ಪ ಏಳ್ತೀರಾ ಸ್ವಾಮಿ? ಆ ಕಡೆ ಬೇರೆ ಎಲೆ ಹಾಕಿಸ್ತೀನಿ" ಎಂದ. ಗಂಡ ಎದ್ದ. ಆ ಕಡೆ ಹೋಗಲಿಲ್ಲ. ಕೈಯನ್ನೂ ತೊಳೆಯಲಿಲ್ಲ. ಅನ್ನ ಮೆತ್ತಿದ ಕೈಯನ್ನು ಮುಂದೆ ಹಿಡಿದುಕೊಂಡು ಬಾವಿ ದಾಟಿ, ಕೆರೆಯೇರಿ ದಾಟಿ, ಊರು ದಾಟಿ ಹೋದ. ತಿರುಗಿ ಬರಲಿಲ್ಲ. ಪಂಕ್ತಿಯಲ್ಲಿದ್ದವರು ತಲೆ ಬಗ್ಗಿಸಿ ಊಟ ಮುಂದುವರಿಸಿದರು.

ಯಾರೂ ಯಾರನ್ನೂ ಬೈದಿರಲಿಲ್ಲ. ಕೈಮುಗಿದು, ಸ್ವಾಮಿ ಎಂದು ಕರೆದು, ತಮಗೆ ಎಂದು ಹೇಳಿದ್ದಕ್ಕೆ ದೂರು ಹೇಗೆ ಹೇಳುವುದು? ಯಾರೂ ಹೇಳಲಿಲ್ಲ. ಅಂದಿನಿಂದ ಬೈಯುವಾಕೆಯ ಕಣ್ಣಿಗೆ ಅವಳ ಗಂಡ ನಡೆಯುತ್ತಲೇ ಇದ್ದ, ಅವನ ಕೈಯ ಮೇಲೆ ಅನ್ನ ಒಣಗುತ್ತಲೇ ಇತ್ತು. ಅವಳು ಯಜಮಾನನ ಮೇಲೆ ಸಿಟ್ಟು ಮಾಡಿಕೊಂಡಿದ್ದಳು. ಕಟ್ಟಳೆ ಮುರಿದು, ಬಹಳ ಚೆನ್ನಾಗಿ, ಬೂದಿಯ ಕೆಳಗಿನ ಕೆಂಡ ಕಾಪಾಡುವಂತೆ ಕಾಪಾಡಿಕೊಂಡಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಯಜಮಾನನ ಸೊಸೆ ಅವಳ ಹೊಸ್ತಿಲಿಗೆ ಬಂದಳು. ಹಸಿ ಬಾಣಂತಿ. ತಲೆಗೆ, ಕಿವಿಗೆ ಬಟ್ಟೆ ಬಿಗಿದುಕೊಂಡಿದ್ದಳು. ಮಡಿಲಲ್ಲಿ ಕೂಸಿತ್ತು.

"ಅವ್ವಾ, ಒಂದು ಬೈಗುಳ ಬೇಕು" ಎಂದಳು.

"ಎಲ್ಲ ಮುಗಿದೋಯ್ತು ಕಣವ್ವ. ಬಾಣಂತಿ ನೀನು, ಗಾಳಿಗೆ ಯಾಕೆ ಬಂದೆ? ಮನೆಗೆ ಹೋಗು."

"ಮುಗಿದಿದ್ರೆ ಬೂದಿ ಯಾಕೆ ಜರಡಿ ಹಿಡೀತಿದ್ದೀರಿ?"

ಬೈಯುವಾಕೆ ಜರಡಿ ಆಡಿಸಿದಳು. ಬಾಣಂತಿ ಅಲ್ಲೇ ಕೂತಳು.

"ಮೊದಲನೇದಕ್ಕೆ ರಾಜ ಅಂತ ಹೆಸರಿಟ್ಟೆವು. ಕಣ್ಣು ನೆಟ್ಟಗೆ ಬಿಡೋದರೊಳಗೆ ಹೋಯ್ತು. ಆಮೇಲಿನದಕ್ಕೆ ಮುತ್ತು ಅಂತ ಇಟ್ಟೆವು. ಅದೂ ಹೋಯ್ತು. ಇದಕ್ಕೆ ಇನ್ನೂ ಹೆಸರಿಟ್ಟಿಲ್ಲ. ನಿನ್ನೆಯಿಂದ ಮೈ ಸುಡ್ತಾ ಇದೆ, ಮೊಲೆ ಕಚ್ತಾ ಇಲ್ಲ. ಈ ಊರಲ್ಲಿ ಒಳ್ಳೇ ಹೆಸರು ಬಿಟ್ರೆ ಬೇರೆ ಹೆಸರು ಎಲ್ಲಿದೆ ಹೇಳಿ."

ಅವಳು ಹೇಳುತ್ತಿರುವುದೇನೆಂದು ಬೈಯುವಾಕೆಗೆ ಗೊತ್ತಿತ್ತು. ಸಾವು ಬಲು ಮಡಿವಂತ ಎಂಬುದು ಆ ಊರಿನ ನಂಬಿಕೆ. ಅದು ಸ್ನಾನ ಮಾಡಿ, ಒದ್ದೆ ಬಟ್ಟೆಯುಟ್ಟು, ಯಾರನ್ನೂ ಸೋಕಿಸಿಕೊಳ್ಳದೆ ಬೀದಿಯಲ್ಲಿ ನಡೆದು ಬಂದು, ಒಳ್ಳೆಯ ಹೆಸರಿನ ಮಕ್ಕಳನ್ನು ಆರಿಸಿ ಎತ್ತಿಕೊಂಡು ಹೋಗುತ್ತದೆ. ಕೆಟ್ಟ ಹೆಸರು ಕಿವಿಗೆ ಬಿದ್ದರೆ ಸೆರಗು ಎತ್ತಿಕೊಂಡು ಆಚೆ ದಾಟುತ್ತದೆ. ಹಿಂದೆಲ್ಲ ಕೂಸು ದಕ್ಕದ ಮನೆಯವರು ಪಕ್ಕದ ಮನೆಯವರಿಂದ ಸುಮ್ಮನೆ ಒಂದು ದೂರು ಹೇಳಿಸಿ ಬೈಗುಳ ಪಡೆದು, ಅದನ್ನೇ ಕೂಸಿಗೆ ಹೆಸರಿಡುತ್ತಿದ್ದರು. ತಿಪ್ಪೆ ಎಂಬವನು ಮೊಮ್ಮಕ್ಕಳನ್ನು ಆಡಿಸಿ ಸತ್ತ. ಕಸ ಎಂಬವಳು ಹಲ್ಲೆಲ್ಲ ಉದುರಿದರೂ ಇನ್ನೂ ಕೆರೆಗೆ ನೀರಿಗೆ ಬರುತ್ತಾಳೆ.

"ಪಕ್ಕದ ಮನೆಯವರ ಕೈಲಿ ದೂರು ಹೇಳಿಸ್ತೀನಿ" ಎಂದಳು ಬಾಣಂತಿ. "ನಮ್ಮ ಒಲೆ ಹೊಗೆ ಅವರ ಅಂಗಳಕ್ಕೆ ಹೋಗುತ್ತೆ ಅಂತ."

"ಹೊಗೆ ದೂರಿಗೆ ಕೊಡೋ ಮಾತಲ್ಲ ಅದು. ಅದಕ್ಕೆ ಇರೋದು ಒಂದೇ ದೂರು. ಅದನ್ನ ಇಲ್ಲೀತನಕ ಯಾರೂ ತಂದಿಲ್ಲ."

"ಯಾರ ಮೇಲೆ?"

"ನಿಮ್ಮ ಮಾವನ ಮೇಲೆ."

ಬಾಣಂತಿ ಕೂಸನ್ನು ಆ ತೋಳಿಂದ ಈ ತೋಳಿಗೆ ಬದಲಾಯಿಸಿದಳು. "ಹಂಗಾದ್ರೆ ಅವರನ್ನೇ ಬೈದುಬಿಡಿ. ನಮ್ಮ ಬಾಗಿಲಿಗೆ ಬಂದ ಮೇಲೆ ನಮ್ಮದೇ ಅಲ್ವಾ, ನಾನು ಕೂಸಿಗೆ ಇಟ್ಕೋತೀನಿ. ಇಷ್ಟು ವರ್ಷ ಬೈಯದೆ ಯಾಕೆ ಇಟ್ಕೊಂಡಿದ್ದೀರಿ?"

"ದೂರು ತರೋರು ಬೇಕಲ್ಲ" ಎಂದಳು ಬೈಯುವಾಕೆ. ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಬೈದುಬಿಟ್ಟರೆ ಕಟ್ಟಳೆಯ ಪ್ರಕಾರ ಮರೆಯಬೇಕಾಗುತ್ತಿತ್ತು. ಮರೆತ ಮೇಲೆ ತನ್ನ ಹತ್ತಿರ ಗಂಡನದೆಂದು ಇನ್ನೇನು ಉಳಿಯುತ್ತದೆ ಎಂದು ಅವಳಿಗೆ ಹೆದರಿಕೆಯಿತ್ತು. "ನನ್ನ ಗಂಡ ಎಲೆ ಬಿಟ್ಟು ಎದ್ದ ದಿನ ಪಂಕ್ತಿಯಲ್ಲಿ ಕೂತಿದ್ದೋರನ್ನ ಕೇಳು. ಯಾರಾದರೂ ಒಬ್ಬರು ಬಂದು ಹೇಳಲಿ" ಎಂದಳು.

ಬಾಣಂತಿ ಎದ್ದು ಹೋದಳು. ಹೋಗುವಾಗ ಕೂಸಿನ ಮುಖದ ಬಟ್ಟೆ ಸರಿಯಿತು. ಅಷ್ಟು ಚಿಕ್ಕ ಮುಖವನ್ನು ತಾನು ನೋಡಬಾರದಿತ್ತು ಎಂದುಕೊಂಡಳು ಬೈಯುವಾಕೆ. ತನ್ನ ಮೇಲೆ ತನಗೇ ನಾಚಿಕೆಯಾಯಿತು. ಆದರೂ ಜರಡಿಯನ್ನು ಕೆಳಗಿಡಲಿಲ್ಲ.

ಬಾಣಂತಿ ಮನೆಮನೆ ಹತ್ತಿ ಇಳಿದಳು. ಎಲ್ಲರೂ ಅವಳನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಕೂಸು ಚಂದ್ರನ ಹಾಗಿದೆ ಎಂದರು. ಆ ದಿನದ ಊರೂಟ ಚೆನ್ನಾಗಿ ನೆನಪಿದೆ ಎಂದರು. ಹಪ್ಪಳ ಗರಿಗರಿಯಾಗಿತ್ತಂತೆ, ಪಾಯಸಕ್ಕೆ ತುಪ್ಪ ಹೆಚ್ಚೇ ಬಿದ್ದಿತ್ತಂತೆ. ಪಂಕ್ತಿಯಿಂದ ಯಾರಾದರೂ ನಡುವೆ ಎದ್ದು ಹೋದರೇ ಎಂದು ಕೇಳಿದರೆ, ತಾವು ತಲೆ ಬಗ್ಗಿಸಿ ಉಣ್ಣುತ್ತಿದ್ದುದರಿಂದ ಕಾಣಲಿಲ್ಲ ಎಂದರು. ಬಾಗಿಲವರೆಗೂ ಬಂದು ಅವಳನ್ನು ಹರಸಿ ಕಳಿಸಿದರು. ಸಂಜೆಗೆ ಅವಳು ಮನೆಗೆ ಬಂದು ಮಾವನ ಎದುರು ನಿಂತಳು. ಕೂಸನ್ನು ಅವನ ಮಡಿಲಲ್ಲಿಟ್ಟು, "ನಾನು ಎಲ್ಲರನ್ನೂ ಕೇಳಿ ಆಯ್ತು, ನೀವೊಬ್ಬರು ಉಳಿದಿದ್ದೀರಿ" ಎಂದಳು.

ಮರುದಿನ ಬಿಸಿಲೇರಿದ ಮೇಲೆ, ಬೀದಿಯಲ್ಲಿ ಜನ ಓಡಾಡುವ ಹೊತ್ತಿನಲ್ಲಿ, ಪಂಕ್ತಿಯ ಯಜಮಾನ ಬರಿಗಾಲಲ್ಲಿ ನಡೆದು ಬಂದು ಬೈಯುವಾಕೆಯ ಹೊಸ್ತಿಲಲ್ಲಿ ನಿಂತ. ಮುದುಕನಾಗಿದ್ದ. ಬಿಳಿ ಪಂಚೆ ಮಾತ್ರ ಎಂದಿನಂತೆ ಇಸ್ತ್ರಿಯಾಗಿತ್ತು. ದಾರಿಹೋಕರು ಅಲ್ಲಲ್ಲೇ ನಿಂತರು.

ಬೈಯುವಾಕೆ ಜರಡಿಯನ್ನು ಕೆಳಗಿಟ್ಟಳು. ಕೇಳಬೇಕಾದ್ದನ್ನು ಕೇಳಿದಳು. "ಯಾರ ಮೇಲೆ?"

"ನನ್ನ ಮೇಲೆ."

"ಏನು ಮಾಡಿದರು?"

"ಉಣ್ಣೋ ಮನುಷ್ಯನ್ನ ಎಲೆ ಮುಂದಿನಿಂದ ಎಬ್ಬಿಸಿದೆ. ಹಗ್ಗ ಹೊಸೆಯೋನು, ನಿನ್ನ ಗಂಡ. ಏನೂ ತಪ್ಪು ಮಾಡಿರಲಿಲ್ಲ. ಕೈಮುಗಿದು ಎಬ್ಬಿಸಿದೆ, ಯಾರೂ ನನ್ನ ತಪ್ಪು ಅನ್ನಬಾರದು ಅಂತ."

"ಎಲ್ಲಿ ಉರಿಯಿತು?"

 "ಆಗ ಎಲ್ಲೂ ಉರೀಲಿಲ್ಲ" ಎಂದ ಯಜಮಾನ.

"ಉರೀದಿದ್ರೆ ದೂರಿಲ್ಲ ಯಜಮಾನ್ರೇ. ಕಟ್ಟಳೆ. ಹೋಗಿಬನ್ನಿ."

ಅವನು ಹೋಗಲಿಲ್ಲ. "ಆ ಎಲೇನ ಎತ್ತೋಕೆ ಯಾರೂ ಬರಲಿಲ್ಲ. ನಾನೇ ಎತ್ತಿದೆ. ಸಾರಿನ ಅನ್ನ ಅರ್ಧ ಹಂಗೇ ಇತ್ತು. ಪಲ್ಯ ಮುಟ್ಟಿರಲಿಲ್ಲ, ಆಮೇಲಕ್ಕೆ ಅಂತ ಬದೀಲಿ ಸರಿಸಿ ಇಟ್ಕೊಂಡಿದ್ದ. ಹೋಳಿಗೆ ಇನ್ನೂ ಆ ಸಾಲಿಗೆ ಬಂದಿರಲಿಲ್ಲ. ಅವತ್ತಿಂದ ನಾನು ಹೋಳಿಗೆ ತಿಂದಿಲ್ಲ ತಾಯಿ. ಯಾರಾದ್ರೂ ಬಡಿಸೋಕೆ ಬಂದ್ರೆ ಹೊಟ್ಟೆ ಕೆಟ್ಟಿದೆ ಅಂತೀನಿ. ಎಲ್ಲರೂ ನಂಬ್ತಾರೆ."

ಬೈಯುವಾಕೆಗೆ ಇದೊಂದು ಗೊತ್ತಿರಲಿಲ್ಲ. ಗಂಡ ಎದ್ದು ಹೋದದ್ದು ಗೊತ್ತಿತ್ತು, ಊಟದ ಯಾವ ಹೊತ್ತಿನಲ್ಲಿ ಎದ್ದ ಎಂದು ಗೊತ್ತಿರಲಿಲ್ಲ. ಹೋಳಿಗೆಯೆಂದರೆ ಅವನಿಗೆ ಪ್ರಾಣ. ಪಲ್ಯವನ್ನು ಬದಿಗಿಟ್ಟುಕೊಳ್ಳುವ ಚಾಳಿಯೂ ಅವನದೇ, ಮನೆಯಲ್ಲೂ ಹಾಗೇ ಮಾಡುತ್ತಿದ್ದ, ಅದಕ್ಕೆ ಅವಳು ನಗುತ್ತಿದ್ದಳು. ಇಷ್ಟು ವರ್ಷ ಆ ಎಲೆಯನ್ನು ನೆನಪಿಟ್ಟುಕೊಂಡವಳು ತಾನೊಬ್ಬಳೇ ಅಲ್ಲ, ಇವನೂ ಒಬ್ಬ ಎಂದು ತಿಳಿದು ಅವಳಿಗೆ ಮೊದಲು ರೇಗಿತು, ಆಮೇಲೆ ಅಳು ಬಂತು. ಜಗುಲಿಯ ಮೇಲೆ ಕೂತು, ಬೂದಿ ಮೆತ್ತಿದ ಕೈಯಿಂದಲೇ ಮುಖ ಒರೆಸಿಕೊಳ್ಳುತ್ತ, ಸಾಕಾಗುವಷ್ಟು ಅತ್ತಳು. ಯಜಮಾನ ನಿಂತೇ ಇದ್ದ. ಬೀದಿಯವರೂ ನಿಂತೇ ಇದ್ದರು.

"ಹೊಟ್ಟೆಯಲ್ಲಿ ಉರಿದಿದೆ" ಎಂದಳು ಕೊನೆಗೆ. "ನಡೀರಿ. ಬೂದಿ ತಗೊಂಡು ಬರ್ತೀನಿ."

ಅವಳು ಮೊರ ಹಿಡಿದು ಹೋಗುವಾಗ ಊರೇ ಹಿಂದೆ ಬಂತು. ಆ ದಿನ ಪಂಕ್ತಿಯಲ್ಲಿ ಕೂತು ಉಂಡವರು ಕೂಡ ಬಂದು ದೂರದಲ್ಲಿ ನಿಂತರು. ಯಜಮಾನನ ಬಾಗಿಲಲ್ಲಿ ಅವನು ಮುಂದೆ, ಅವನ ಮಗ ಹಿಂದೆ, ಮಗನ ಹಿಂದೆ ಕೂಸನ್ನು ಹಿಡಿದ ಬಾಣಂತಿ. ಕೂಸು ಅಳುವುದನ್ನೂ ಬಿಟ್ಟಿತ್ತು. ಅದರ ಹೊಟ್ಟೆ ಮಾತ್ರ ಬೇಗಬೇಗ ಏರಿ ಇಳಿಯುತ್ತಿತ್ತು.

ಬೈಯುವಾಕೆಗೆ ಈಗ ಒಂದೇ ಭಯ. ದನಿಯಲ್ಲಿ ಒಂದು ಎಳೆ ಸಿಟ್ಟಿದ್ದರೂ ಮಾತು ಬಾಗಿಲಿಗೆ ಅಂಟುವುದಿಲ್ಲ. ಅಂಟದಿದ್ದರೆ ಹೆಸರಿಲ್ಲ, ಹೆಸರಿಲ್ಲದಿದ್ದರೆ ಕೂಸಿಲ್ಲ. ಅವಳು ಯಜಮಾನನ ಮುಖ ನೋಡಿದಳು. ಸಿಟ್ಟನ್ನು ಹುಡುಕಿದಳು. ಅತ್ತು ಅತ್ತು ಗಂಟಲೆಲ್ಲ ಖಾಲಿಯಾಗಿತ್ತು. ಬಾಯಿ ತೆರೆದು, ಇವತ್ತು ಮೋಡವಾಗಿದೆ ಎನ್ನುವ ದನಿಯಲ್ಲಿ ಹೇಳಿದಳು.

"ಎಂಜಲು."

ಹಿಡಿ ಬೂದಿ ತೂರಿದಳು.

ಯಜಮಾನ ಬಾಯಿ ತೆರೆದವನು ಹಾಗೇ ನಿಂತ. ಬೇರೆ ಯಾವ ಮಾತಾದರೂ ಅವನು ಸಿದ್ಧನಿದ್ದ. ಇದನ್ನು ಎಣಿಸಿರಲಿಲ್ಲ. ಇದು ತನ್ನ ಮನೆಯದಾದರೆ ಊರಿನ ಬಾಯಿಂದ ಹೊರಟುಹೋಗುತ್ತದೆ. ಎಂಜಲೆಲೆ ಇಲ್ಲ, ಎಂಜಲು ಕೈ ಇಲ್ಲ, ಎಂಜಲಾಯಿತು ಎಂದು ಯಾರೂ ಯಾರಿಗೂ ಹೇಳುವಂತಿಲ್ಲ. ಯಾರ ಪಕ್ಕ ಯಾರು ಕೂರಬಾರದೆಂದು ಹೇಳಲು ಅವನ ಹತ್ತಿರ ಇದ್ದದ್ದು ಅದೊಂದೇ ಮಾತು. ಅವನ ಅಪ್ಪನ ಹತ್ತಿರ ಇದ್ದದ್ದೂ ಅದೇ. ಪಂಕ್ತಿಯನ್ನು ಆ ಮಾತಿನ ಮೇಲೆ ಕಟ್ಟಿದ್ದರು. ಗುಂಪಿನಲ್ಲಿದ್ದ ಹಿರಿಯರಿಗೂ ಅದು ಹೊಳೆದು, "ಯಜಮಾನ್ರೇ, ಸ್ವಲ್ಪ ಯೋಚನೆ ಮಾಡಿ" ಎಂದು ಒಬ್ಬರು ಬಹಳ ಮೆಲ್ಲಗೆ, ಬಹಳ ಗೌರವದಿಂದ ಹೇಳಿದರು.

ಬೂದಿ ಇಳಿಯುತ್ತಿತ್ತು. ಯಜಮಾನನ ಪಂಚೆಯ ಮೇಲೆ ಇಳಿಯಿತು. ಅವನ ಮಗನ ಭುಜದ ಮೇಲೆ ಇಳಿಯಿತು. ಸ್ವಲ್ಪ ಕೂಸಿನ ಮೂಗಿಗೆ ಹೋಗಿ ಅದು ಸೀನಿತು, ಬಹಳ ಸಣ್ಣ ಸೀನು.

"ಮಾವ" ಎಂದಳು ಬಾಣಂತಿ.

"ನಮ್ಮದು" ಎಂದ ಯಜಮಾನ.

ಆಮೇಲೆ ಅವನೇ ಒಳಗೆ ಹೋಗಿ ಮಜ್ಜಿಗೆ ತಂದು ಬೈಯುವಾಕೆಗೆ ಕೊಟ್ಟ. ಅವಳು ಚೊಂಬನ್ನು ಬಾಯಿಗೆ ಕಚ್ಚಿಕೊಂಡು ಕುಡಿದು ತಿರುಗಿ ಕೊಟ್ಟಳು. ಚೊಂಬನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು ಉಳಿದ ಚೊಂಬುಗಳ ಜೊತೆಗೇ ಇಟ್ಟ.

ಸಾವು ಆ ದಿನ ಬೀದಿಯ ತುದಿಯವರೆಗೂ ಬಂದು, ಮೂಗು ಮುಚ್ಚಿಕೊಂಡು ತಿರುಗಿ ಹೋಯಿತೆಂದು ಊರಿನವರು ಹೇಳುತ್ತಾರೆ. ನೋಡಿದವರು ಯಾರೂ ಇಲ್ಲ. ಕೂಸಿನ ಜ್ವರ ಇಳಿದದ್ದು ಮಾತ್ರ ಎಲ್ಲರೂ ನೋಡಿದರು. ಎಂಜಲು ಎಂಬ ಮಾತಿಗೆ ಆ ಊರಿನಲ್ಲಿ ಈಗ ಒಂದು ಮಗುವೆಂದಲ್ಲದೆ ಬೇರೆ ಅರ್ಥವಿಲ್ಲ. ಮುಂದಿನ ಊರೂಟದಲ್ಲಿ ಯಜಮಾನ ಹಳೆಯ ಅಭ್ಯಾಸದಿಂದ ಯಾರನ್ನೋ ಸರಿಸಲೆಂದು ಪಂಕ್ತಿಯ ಮುಂದೆ ಹೋಗಿ ಕೈಮುಗಿದು ನಿಂತ. ಏನು ಹೇಳಬೇಕೋ ಹೊಳೆಯದೆ, ಊಟ ಚೆನ್ನಾಗಿದೆಯೇ ಎಂದು ಕೇಳಿ ಬಂದ. ಆಮೇಲೆ ಅವನು ಆ ಕಡೆ ಹೋಗುವುದನ್ನೇ ಬಿಟ್ಟ. ಜನ ಸಿಕ್ಕಸಿಕ್ಕಲ್ಲಿ ಕೂತರು. ಕೆಲವರಿಗೆ ಅದು ಸರಿಬರಲಿಲ್ಲ, ಆದರೆ ಏನು ಸರಿಬರಲಿಲ್ಲವೆಂದು ಹೇಳಲು ಬಾಯಲ್ಲಿ ಮಾತಿರಲಿಲ್ಲ.

ಬೈಯುವಾಕೆ ಬೂದಿ ಜರಡಿ ಹಿಡಿಯುವುದನ್ನು ನಿಲ್ಲಿಸಿದಳು. ಗಂಡ ನೆನಪಾಗುತ್ತಿದ್ದ. ಮರೆಯಲಾಗಲಿಲ್ಲ, ಕಟ್ಟಳೆ ಇದ್ದರೂ ಆಗಲಿಲ್ಲ. ಆದರೆ ಈಗ ಅವನು ಎಲ್ಲೋ ಒಂದು ಕಡೆ ಕೂತಿರುತ್ತಿದ್ದ.

ಮಗು ನಡೆಯುವಂತಾಯಿತು. "ಎಂಜಲೂ, ಬಾರಪ್ಪ" ಎಂದು ಯಜಮಾನ ಅದರ ಹಿಂದೆ ಬೀದಿಬೀದಿ ಸುತ್ತುತ್ತಿದ್ದ. ಒಂದು ಮಧ್ಯಾಹ್ನ ಅದು ಅವನಿಂದ ತಪ್ಪಿಸಿಕೊಂಡು ಬೈಯುವಾಕೆಯ ಜಗುಲಿ ಹತ್ತಿತು. ಕೈಯಲ್ಲಿ ಸೀಬೆಕಾಯಿ ಇತ್ತು. ಕಚ್ಚಿ, ಚೀಪಿ, ಜೊಲ್ಲು ಸುರಿಸಿ ಅದನ್ನು ಅರ್ಧ ಮಾಡಿತ್ತು. ಬೈಯುವಾಕೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ ಆ ಸೀಬೆಕಾಯಿಯನ್ನು ಅವಳ ಬಾಯಿಗೆ ತುರುಕಿತು. ಅವಳು ಕಚ್ಚಿದಳು.

ಅಷ್ಟರಲ್ಲಿ ಯಜಮಾನ ಏದುಸಿರು ಬಿಡುತ್ತ ಬಂದ. ನೋಡಿದವನೇ ಕೈ ಎತ್ತಿದ.

"ಅಯ್ಯೋ, ಅದು" ಎಂದ.

"ಅದು ಏನು ಯಜಮಾನ್ರೇ?" ಎಂದು ಬೈಯುವಾಕೆ ಅಗಿಯುತ್ತ ಕೇಳಿದಳು.

ಯಜಮಾನ ಯೋಚಿಸಿದ. ಆಕಾಶ ನೋಡಿದ, ನೆಲ ನೋಡಿದ, ಮಗುವನ್ನು ನೋಡಿದ. ಬಾಯೊಳಗೆಲ್ಲ ಹುಡುಕಿದ.

"ಸೀಬೆಕಾಯಿ" ಎಂದ.

"ಹೂಂ" ಎಂದಳು ಬೈಯುವಾಕೆ. ಇನ್ನೊಂದು ಸಲ ಕಚ್ಚಿ, ಉಳಿದದ್ದನ್ನು ಅವನತ್ತ ಚಾಚಿದಳು. ಅವನು ಜಗುಲಿಯ ಅಂಚಿಗೆ ಬಂದು ಕೂತು, ಅದನ್ನು ತೆಗೆದುಕೊಂಡು ತಿಂದ.